ತಡವಾಗಿ ಏಳುತ್ತೇನೆ ಎಂದ ಸುಂದರಿ

ಜೂನ್ 4

ದುಭಾಷಿ ಮೇಡಂ ಅವರಿಗೆ,

ನಾನು ಕ್ಷೇಮ ಎಂದು ಶುರು ಮಾಡಬೇಕು, ಆದರೆ ಸುಳ್ಳು ಬರೆಯಲು ಮನಸ್ಸಿಲ್ಲ. ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೇನೆ. ನೀವು ಕೊಟ್ಟ ಕಾರ್ಡಿನಲ್ಲಿ ವಿಳಾಸವಿತ್ತು, ಫೋನ್ ನಂಬರು ಇರಲಿಲ್ಲ. ಹಾಗಾಗಿ ಶಾಲೆಯಲ್ಲಿ ರಜೆ ಚೀಟಿ ಬರೆದ ಮೇಲೆ ಇದೇ ನನ್ನ ಮೊದಲ ಪತ್ರ.

ಯಾರೆಂದು ನೆನಪಾಗದಿದ್ದರೆ ಹೇಳುತ್ತೇನೆ. ಕಳೆದ ತಿಂಗಳು ನಿಮ್ಮೂರಿನ ಅಂತರರಾಷ್ಟ್ರೀಯ ಸೌಂದರ್ಯ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂದವಳು ನಾನು. ಹಸಿರು ಗೌನು, ಆರಡಿಗೆ ಒಂದಂಗುಲ ಕಮ್ಮಿ. ಮನೆಯಲ್ಲಿ ನನ್ನನ್ನು ಗಿಡ್ಡಿ ಎನ್ನುತ್ತಾರೆ. ಹುಟ್ಟಿದಾಗ ಅಂಗೈಯಷ್ಟಿದ್ದೆನಂತೆ. ಆಮೇಲೆ ನಾನು ಬೆಳೆದೆ, ಹೆಸರು ಬೆಳೆಯಲಿಲ್ಲ. ವೇದಿಕೆಯ ಹಿಂದಿನ ಪ್ಯಾಸೇಜಿನಲ್ಲಿ ಇದನ್ನು ಹೇಳಿದಾಗ ನೀವು ಗೋಡೆ ಹಿಡಿದುಕೊಂಡು ನಕ್ಕಿರಿ. ಅಷ್ಟು ದೊಡ್ಡ ಊರಿನಲ್ಲಿ ನನ್ನ ಭಾಷೆ ತಿಳಿಯುತ್ತಿದ್ದವರು ನೀವೊಬ್ಬರೇ, ಮೇಡಂ. ನಾನು ನಿಮ್ಮನ್ನು ಕಣ್ಣುಮುಚ್ಚಿ ನಂಬಿದ್ದೆ.

ಕೊನೆಯ ಸುತ್ತಿನಲ್ಲಿ ತೀರ್ಪುಗಾರರು ಕೇಳಿದ್ದನ್ನು ನೀವೇ ನನಗೆ ತಿಳಿಸಿದಿರಿ. ಇವತ್ತು ಕಿರೀಟ ಸಿಗದಿದ್ದರೆ ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ? ನಾನು ಮೈಕಿನಲ್ಲಿ ಹೇಳಿದ್ದು ಇಷ್ಟೇ: "ತಡವಾಗಿ ಏಳ್ತೀನಿ. ಇಷ್ಟು ದಿನ ತಿನ್ನದೆ ಬಿಟ್ಟಿದ್ದನ್ನೆಲ್ಲ ತಿಂತೀನಿ. ನನಗಿಂತ ಅಮ್ಮನೇ ಜಾಸ್ತಿ ಅಳ್ತಾಳೆ, ಅವಳನ್ನ ಸಮಾಧಾನ ಮಾಡ್ತೀನಿ. ಸೋಮವಾರ ಕ್ಲಿನಿಕ್ಕಿಗೆ ಹೋಗ್ತೀನಿ, ಅಲ್ಲಿ ಒಬ್ಬ ತಾತನಿಗೆ ಹಲ್ಲಿನ ಸೆಟ್ ಕೂರಿಸೋದು ಬಾಕಿ ಇದೆ."

ನೀವು ಅದನ್ನು ಅವರ ಭಾಷೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಇಡೀ ಸಭಾಂಗಣ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ತಡವಾಗಿ ಏಳುವುದರಲ್ಲಿ ಅಳುವಂಥದ್ದೇನಿದೆ ಎಂದು ತಿಳಿಯದೆ ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಊರಿಗೆ ಬಂದ ಮೇಲೆ ಪತ್ರಿಕೆ ನೋಡಿದೆ. ನನ್ನ ಫೋಟೊದ ಕೆಳಗೆ ಹೀಗಿತ್ತು: "ಕಿರೀಟ ಕೂರುವುದು ತಲೆಯ ಮೇಲೆ, ತಲೆಯೊಳಗಲ್ಲ. ನಾಳೆ ಬೆಳಿಗ್ಗೆಯೂ ಇದೇ ತಲೆಯನ್ನು ಎತ್ತಿ ನಡೆಯುತ್ತೇನೆ. ಸೋತವರ ಕಣ್ಣೀರು ಒರೆಸುತ್ತೇನೆ. ನಗು ಕಳೆದುಕೊಂಡವರಿಗೆ ನಗು ಮರಳಿಸುತ್ತೇನೆ."

ಮೇಡಂ, ಅದು ಹಲ್ಲಿನ ಸೆಟ್ಟು. ಸೋತವರು ಎಂದರೆ ನಮ್ಮಮ್ಮ. ನನ್ನ ಹೆಸರಿನಲ್ಲಿ ಇದನ್ನೆಲ್ಲ ಯಾಕೆ ಹೇಳಿದಿರಿ ಎಂದು ನನಗೆ ತಿಳಿಯಬೇಕು.

ಇತಿ,
ಗಿಡ್ಡಿ


ಜೂನ್ 19

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಎರಡನೇ ಸ್ಥಾನಕ್ಕೆ ಅಭಿನಂದನೆಗಳು.

ನನ್ನ ಕೆಲಸದ ಬಗ್ಗೆ ನಿಮಗೆ ತಪ್ಪು ಕಲ್ಪನೆ ಇರುವಂತಿದೆ. ನಾನು ಮುಖ್ಯವಾಗಿ ನ್ಯಾಯಾಲಯದ ದುಭಾಷಿ. ನಮ್ಮಲ್ಲಿ ಒಂದು ನಿಯಮವಿದೆ: ಮಾತಾಡುವವರು "ನಾನು" ಎಂದರೆ ನಾವೂ "ನಾನು" ಎಂದೇ ಹೇಳಬೇಕು. ಕಳ್ಳ "ನಾನು ಕದ್ದಿಲ್ಲ" ಎಂದರೆ ನಾನೂ "ನಾನು ಕದ್ದಿಲ್ಲ" ಎನ್ನುತ್ತೇನೆ. ಅಷ್ಟು ಹೊತ್ತು ನಾನು ಬೇರೆ ಯಾರೋ ಆಗಿರುತ್ತೇನೆ. ವೇದಿಕೆಯ ಕೆಲಸ ಸ್ವಲ್ಪ ಬೇರೆ. ಅಲ್ಲಿ ಸಮಯ ಕಡಿಮೆ, ಒಂದು ಭಾಷೆಯ ಮಾತು ಇನ್ನೊಂದರಲ್ಲಿ ಹಾಗೆಯೇ ಕೂರುವುದಿಲ್ಲ. ನಿಮ್ಮ ಮಾತಿನ ಆಶಯವನ್ನು ತಲುಪಿಸಿದ್ದೇನೆ. ಪರಿಣಾಮ ನಿಮಗೆ ಅನುಕೂಲವೇ ಆಗಿದೆ ಎಂದು ಭಾವಿಸುತ್ತೇನೆ.

ಫೋನ್ ನಂಬರು ಕೇಳಿದ್ದೀರೆಂದು ತಿಳಿದುಕೊಂಡು ಹೇಳುತ್ತಿದ್ದೇನೆ, ನಾನು ಯಾರಿಗೂ ಕೊಡುವುದಿಲ್ಲ. ದಿನವಿಡೀ ಕಂಡವರ ಮಾತು ಕಿವಿಯಲ್ಲಿ ತುಂಬಿಕೊಂಡು ಮನೆಗೆ ಬರುತ್ತೇನೆ. ಮನೆಯಲ್ಲಿ ಸದ್ದು ಬೇಡ.

ವಂದನೆಗಳೊಂದಿಗೆ,
ದುಭಾಷಿ


ಜುಲೈ 2

ಮೇಡಂ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀರಿ. ಆ ಕಡೆಗೂ ಬೆಳಕಿಲ್ಲ, ಈ ಕಡೆಗೂ ಇಲ್ಲ. ನಾನು ನಿಮ್ಮ ನಂಬರು ಕೇಳಿರಲೂ ಇಲ್ಲ.

ನನಗೆ ಅನ್ನಿಸಿದ್ದನ್ನು ನೇರವಾಗಿ ಕೇಳಿಬಿಡುತ್ತೇನೆ. ನಿಮಗೆ ನನ್ನಿಂದ ನಾಚಿಕೆಯಾಯಿತೇ? ನಮ್ಮ ಭಾಷೆಯವಳೊಬ್ಬಳು ತಿನ್ನುವುದು, ಮಲಗುವುದು ಎಂದು ಹರಟಿದರೆ ಅಷ್ಟು ಜನರ ಮುಂದೆ ನಿಮ್ಮ ಮರ್ಯಾದೆ ಹೋಗುತ್ತದೆ ಎನ್ನಿಸಿತೇ?

ಇಲ್ಲಿ ನನ್ನ ಪಾಡು ಕೇಳಿ. ನಾನು ಹಲ್ಲಿನ ಡಾಕ್ಟರ ಸಹಾಯಕಿ. ಉಪಕರಣ ಎತ್ತಿಕೊಡುವುದು, ಲೈಟು ಸರಿಸುವುದು, ಹೆದರಿದವರ ಜೊತೆ ಮಾತಾಡುವುದು ನನ್ನ ಕೆಲಸ. ಬಾಯಿ ತೆರೆದು ಮಲಗಿರುವವರು ಎದುರುತ್ತರ ಕೊಡಲಾರರು, ಆದ್ದರಿಂದ ನಾನು ಹೇಳಿದ್ದೇ ವೇದ. ಮೊನ್ನೆ ಆ ತಾತ ಹೊಸ ಹಲ್ಲಿನ ಸೆಟ್ಟು ಸರಿಮಾಡಿಸಿಕೊಳ್ಳಲು ಬಂದರು. ಕುರ್ಚಿಯಲ್ಲಿ ಕೂತವರೇ, ತಲೆ ಎತ್ತಿ ನಡೆಯುತ್ತಿದ್ದೀಯೇನಮ್ಮ ಎಂದು ಕೇಳಿದರು. ಹೊರಗೆ ಕಾಯುತ್ತಿದ್ದವರೆಲ್ಲ ನಕ್ಕರು. ಡಾಕ್ಟರ್ ಕೂಡ ಮಾಸ್ಕಿನೊಳಗೆ ನಕ್ಕಿದ್ದು ನನಗೆ ಕಂಡಿತು. ಟೀವಿಯಲ್ಲಿ ನನ್ನ ಬಾಯಿಂದಲೇ ಕೇಳಿದವರು ಇವರು, ನಾನು ನಿಜವಾಗಿ ಏನು ಹೇಳಿದೆ ಎಂದು ಇವರಿಗೆ ಗೊತ್ತು. ಅಮ್ಮನಿಗಂತೂ ಅವಳು ಓಡಿಸುವ ಶಾಲಾ ವ್ಯಾನಿನ ಮಕ್ಕಳು ದಿನಾ ಕೇಳುತ್ತಾರಂತೆ, ನೀವು ನಿಜವಾಗಿ ಅತ್ತಿರಾ ಎಂದು.

ಈಗ ಸಂಘಟಕರಿಂದ ಕರೆ ಬಂದಿದೆ. ವರ್ಷಪೂರ್ತಿ ದೇಶದೇಶ ಸುತ್ತಿ ಶಾಲೆ ಕಾಲೇಜುಗಳಲ್ಲಿ ಹುಡುಗಿಯರ ಜೊತೆ ಮಾತಾಡಬೇಕಂತೆ. ಗೆದ್ದವಳಿಗಿಂತ ನನ್ನನ್ನೇ ಜಾಸ್ತಿ ಕೇಳುತ್ತಿದ್ದಾರಂತೆ, ಆ ಮಾತಿಗಾಗಿ. ಯಾರದೋ ಮಾತನ್ನು ಹೊತ್ತು ಮಾರುವ ಕೆಲಸ ನನಗೆ ಬೇಡ. ಆಗುವುದಿಲ್ಲ ಎಂದು ಬರೆಯುತ್ತೇನೆ.

ಗಿಡ್ಡಿ


ಜುಲೈ 20

ಪ್ರಿಯ ಗಿಡ್ಡಿ,

ಎರಡು ಸಲ ಬರೆದು ಹರಿದು ಹಾಕಿದೆ. ಮೂರನೆಯದು ಇದು.

ನಾಚಿಕೆ ಅಲ್ಲ. ಅದನ್ನು ಓದಿ ನನಗೆ ಸಂಕಟವಾಯಿತು. ನಿಮ್ಮ ಮುಂಚೆ ಬಂದ ಹುಡುಗಿಯರೆಲ್ಲ ಲೋಕಶಾಂತಿ, ಹಸಿದ ಮಕ್ಕಳು, ಸಮುದ್ರದ ಕಸ ಎಂದು ಒಪ್ಪಿಸಿದ್ದರು. ಮೈಕಿನಲ್ಲಿ ನೀವು ಹಲ್ಲಿನ ಸೆಟ್ಟು ಎಂದಾಗ ನನಗೆ ಒಳಗೊಳಗೇ ನಗು ಉಕ್ಕಿತು, ಜೊತೆಗೇ ಹೆದರಿಕೆಯಾಯಿತು. ಇದನ್ನು ಹೀಗೇ ಹೇಳಿದರೆ ಇವರು ಈ ಹುಡುಗಿಗೆ ಸೊನ್ನೆ ಹಾಕುತ್ತಾರೆ ಎನ್ನಿಸಿತು. ಗೆಲ್ಲಲಿ ಎಂಬ ಆಸೆ ಹುಟ್ಟಿಬಿಟ್ಟಿತು. ಮಗಳ ಪರೀಕ್ಷೆಯಲ್ಲಿ ಕಿಟಕಿಯಿಂದ ಉತ್ತರ ಹೇಳಿಕೊಡುವ ಅಮ್ಮಂದಿರಿರುತ್ತಾರಲ್ಲ, ಹಾಗೆ. ಬಾಯಿ ತಾನಾಗಿ ಮಾತಾಡಿತು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಪದ ಸೇರಿಸಿದವಳಲ್ಲ ನಾನು.

ನನಗೆ ಮಕ್ಕಳಿಲ್ಲ. ನಮ್ಮ ಭಾಷೆಯಲ್ಲಿ ನನ್ನ ಜೊತೆ ತಮಾಷೆ ಮಾಡುವವರೂ ಇಲ್ಲಿ ಯಾರಿಲ್ಲ. ಕೋರ್ಟಿಗೆ ಬರುವವರು ನಮ್ಮ ಭಾಷೆಯಲ್ಲಿ ಅಳುತ್ತಾರೆ, ಬೈಯುತ್ತಾರೆ. ಗಿಡ್ಡಿ ಎಂಬ ಹೆಸರು ಕೇಳಿ ಆವತ್ತು ನಕ್ಕ ಹಾಗೆ ನಕ್ಕು ಯಾವ ಕಾಲವಾಗಿತ್ತೋ.

ಕರೆ ಬೇಡ ಎನ್ನಬೇಡಿ. ಹೋಗಿ. ಅಲ್ಲಿ ನೀವು ನಿಮ್ಮ ಮಾತನ್ನೇ ಹೇಳಬಹುದು. ನನ್ನ ಮಾತು ತಾನಾಗಿ ಮರೆತುಹೋಗುತ್ತದೆ.

ನಿಮ್ಮ,
ದುಭಾಷಿ


ನವೆಂಬರ್ 11

ಅಕ್ಕನಿಗೆ,

ಮೇಡಂ ಎನ್ನುವುದನ್ನು ಬಿಟ್ಟಿದ್ದೇನೆ. ಆಂಟಿ ಎಂದರೆ ನೀವು ಬೈಯಬಹುದು, ಅಕ್ಕ ಇರಲಿ. ಇಷ್ಟು ತಿಂಗಳು ಬರೆಯಲಿಲ್ಲ, ಪುರಸೊತ್ತು ಸಿಗಲಿಲ್ಲ. ಹೋಟೆಲಿನ ಕಾಗದದಲ್ಲಿ ಬರೆಯುತ್ತಿದ್ದೇನೆ. ಎದ್ದ ಕೂಡಲೇ ಯಾವ ಊರೆಂದು ತಿಳಿಯಲು ಸೋಪಿನ ಪೊಟ್ಟಣ ನೋಡಬೇಕು, ಹಾಗಾಗಿದೆ ನನ್ನ ಬಾಳು.

ಒಂದು ಗುಟ್ಟು. ಮೊದಲ ಶಾಲೆಯಲ್ಲಿ ಅಲ್ಲಿನ ದುಭಾಷಿಯ ಮೂಲಕ ನನ್ನ ಸ್ವಂತ ಮಾತೇ ಆಡಿದೆ. ಕ್ಲಿನಿಕ್ಕಿನ ಕತೆ ಹೇಳಿದೆ, ಎತ್ತರದ ಚಪ್ಪಲಿಯಲ್ಲಿ ಬಿದ್ದದ್ದನ್ನು ಹೇಳಿದೆ. ಹುಡುಗಿಯರು ಮರ್ಯಾದೆಗೆ ನಕ್ಕರು. ಕೊನೆಗೆ ಒಬ್ಬಳು ಎದ್ದು, ಆ ಕಿರೀಟದ ಮಾತು ಹೇಳಿ ಎಂದಳು. ಹೇಳಿದೆ. ಅಕ್ಕ, ಆ ಚಪ್ಪಾಳೆ ನೀವು ಕೇಳಬೇಕಿತ್ತು. ಅಲ್ಲಿಂದ ಮುಂದೆ ಎಲ್ಲ ಕಡೆ ಅದನ್ನೇ ಹೇಳುತ್ತಿದ್ದೇನೆ. ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ. ಈಗ ಎಲ್ಲಿ ನಿಲ್ಲಿಸಿದರೆ ಕಣ್ಣಲ್ಲಿ ನೀರು ಬರುತ್ತದೆ ಎಂಬುದೂ ಗೊತ್ತಾಗಿದೆ. ಜಿರಾಫೆಯ ಮುಂದೆಯೂ ಕನ್ನಡಿ ನೋಡಿಕೊಂಡು ಅಭ್ಯಾಸ ಮಾಡುತ್ತೇನೆ. ಜಿರಾಫೆ ಎಂದರೆ ಆವತ್ತು ಗೆದ್ದವಳು, ಪ್ರವಾಸದಲ್ಲಿ ನಾವಿಬ್ಬರೂ ಒಂದೇ ಕೋಣೆ. ನನಗಿಂತಲೂ ಉದ್ದ ಪುಣ್ಯಾತ್ಗಿತ್ತಿ. ಇಬ್ಬರೂ ಫೋನಿನ ಅನುವಾದದ ಆ್ಯಪ್‌ನಲ್ಲಿ ಭಾಷೆ ಬದಲಿಸಿಕೊಂಡು ಕಷ್ಟಸುಖ ಹೇಳಿಕೊಳ್ಳುತ್ತೇವೆ.

ಒಂದೇ ಮಾತು ಹಳಸಿಹೋಗುತ್ತಿದೆ. ಅದೇ ಧಾಟಿಯಲ್ಲಿ ಇನ್ನೊಂದೆರಡು ಬರೆದು ಕಳಿಸುತ್ತೀರಾ? ಚಿಕ್ಕದಾಗಿ, ಬಾಯಲ್ಲಿ ಕೂರುವ ಹಾಗೆ. ಮೊದಲು ಜಗಳ ಮಾಡಿದವಳು ಈಗ ಇದನ್ನು ಕೇಳುತ್ತಿದ್ದಾಳೆ ಎಂದು ನಗಬೇಡಿ.

ನಿಮ್ಮ ಗಿಡ್ಡಿ


ನವೆಂಬರ್ 30

ಗಿಡ್ಡಿ,

ನಕ್ಕೆ. ಆಮೇಲೆ ಕೂತು ಬರೆದೆ. ಇನ್ನು ನೀನು ಎಂದೇ ಬರೆಯುತ್ತೇನೆ.

ತಗೋ: "ಕನ್ನಡಿ ಮುಖ ತೋರಿಸುತ್ತದೆ, ದಾರಿ ತೋರಿಸುವುದಿಲ್ಲ." ಇನ್ನೊಂದು: "ಎತ್ತರದ ಚಪ್ಪಲಿ ನನ್ನನ್ನು ಎತ್ತರಕ್ಕೆ ಒಯ್ಯಲಿಲ್ಲ, ಬಿದ್ದಾಗ ಎದ್ದದ್ದು ಒಯ್ದಿತು." ಎರಡನೆಯದರಲ್ಲಿ "ಬಿದ್ದಾಗ" ಎಂದ ಮೇಲೆ ಒಂದು ಉಸಿರು ನಿಲ್ಲಿಸು.

ಕೋರ್ಟಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಬರೆದದ್ದು ಇವು. ಕಿಟಕಿಯ ಪಕ್ಕದ ಸೀಟು ಸಿಕ್ಕರೆ ಎರಡು ಹೊಳೆಯುತ್ತವೆ, ನಿಂತುಕೊಂಡು ಹೋದರೆ ಒಂದೂ ಇಲ್ಲ. ಮೊನ್ನೆ ಟೀವಿಯಲ್ಲಿ ನೀನು ಒಂದು ಕಾಲೇಜಿನಲ್ಲಿ ಮಾತಾಡಿದ್ದನ್ನು ತೋರಿಸಿದರು. ನನ್ನ ಮಾತು ನಿನ್ನ ಬಾಯಲ್ಲಿ ನನಗಿಂತ ಚೆನ್ನಾಗಿ ಒಪ್ಪುತ್ತದೆ. ಪಕ್ಕದ ಮನೆಯವಳಿಗೆ ಏನೂ ಹೇಳದೆ ಸುಮ್ಮನೆ ಕೂತಿರುವುದು ಕಷ್ಟವಾಯಿತು.

ಬೇಕಾದಾಗ ಕೇಳು, ಸಂಕೋಚ ಪಡಬೇಡ.

ಅಕ್ಕ


ಜನವರಿ 25

ಅಕ್ಕನಿಗೆ,

ಕನ್ನಡಿಯ ಮಾತು ಎಲ್ಲ ಕಡೆ ಗೆದ್ದಿತು, ನಮ್ಮೂರಿನಲ್ಲಿ ಬಿಟ್ಟು.

ಇಲ್ಲಿನ ಪುರಭವನದಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದರು. ಅಮ್ಮ ವ್ಯಾನನ್ನು ಹೊರಗೆ ನಿಲ್ಲಿಸಿ ಎರಡನೇ ಸಾಲಿನಲ್ಲಿ ಕೂತಿದ್ದಳು. ನಾನು ನಿಮ್ಮ ಮೂರೂ ಮಾತನ್ನು ಪೋಣಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಮನೆಗೆ ಹೋಗುವಾಗ ವ್ಯಾನು ಸಿಗ್ನಲ್ಲಿನಲ್ಲಿ ನಿಂತಾಗ ಅಮ್ಮ ಕೇಳಿದಳು: "ಮೈಕಿನಲ್ಲಿ ಮಾತಾಡಿದ್ದು ಯಾರು?" ನಾನೇ ಎಂದೆ. "ಒಳ್ಳೆ ಮಾತೇ. ಆದ್ರೆ ಎರವಲು ಒಡವೆ ಹಾಕ್ಕೊಂಡವಳ ಹಾಗೆ ಕುತ್ತಿಗೆ ಮುಟ್ಟಿ ಮುಟ್ಟಿ ನೋಡ್ಕೋತಿದ್ದೆ," ಎಂದಳು. ಅಮ್ಮನಿಗೆ ಇಂಥ ಮಾತಿನ ರುಚಿ ಗೊತ್ತಿಲ್ಲ. ದಿನವಿಡೀ ಸ್ಟಿಯರಿಂಗ್ ಹಿಡಿದು ಮಕ್ಕಳನ್ನು ಗದರಿಸುವವಳು. ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ದೊಡ್ಡ ಸುದ್ದಿ ಕೇಳಿ. ಮೇ ತಿಂಗಳ ವಿಶ್ವ ಸ್ಪರ್ಧೆಗೆ ನಾನು ಆಯ್ಕೆಯಾಗಿದ್ದೇನೆ. ಎಲ್ಲಕ್ಕಿಂತ ದೊಡ್ಡದು ಇದೇ. ವಯಸ್ಸಿನ ಮಿತಿಯಿಂದಾಗಿ ನನಗೆ ಇದೇ ಕೊನೆಯ ಅವಕಾಶ. ಜಿರಾಫೆಯೂ ನೋಡಲು ಬರುತ್ತಾಳೆ. ನನಗೆ ನೀವೇ ದುಭಾಷಿಯಾಗಿ ಬೇಕೆಂದು ಸಂಘಟಕರಿಗೆ ಬರೆದಿದ್ದೇನೆ. ಅಕ್ಕ, ಆವತ್ತಿನ ಹಾಗೇ ಮಾಡಿ. ನಾನು ಏನಾದರೂ ಒದರುತ್ತೇನೆ, ನೀವು ಚಿನ್ನ ಮಾಡಿ. ಇಬ್ಬರೂ ಸೇರಿದರೆ ಕಿರೀಟ ನಮ್ಮದೇ.

ನಿಮ್ಮ ಗಿಡ್ಡಿ


ಫೆಬ್ರವರಿ 9

ಗಿಡ್ಡಿ,

ಕರೆದರೆ ಬರುತ್ತೇನೆ. ಆದರೆ ನೀನು ಏನು ಹೇಳುತ್ತೀಯೋ ಅದನ್ನಷ್ಟೇ ಹೇಳುತ್ತೇನೆ. ಒದರಿದರೆ ಒದರಿದ್ದನ್ನೇ.

ಕಾರಣ ಕೇಳು. ಕಳೆದ ವಾರ ಕೋರ್ಟಿನಲ್ಲಿ ಒಬ್ಬ ಹೆಂಗಸು ಸಾಕ್ಷಿ ಹೇಳಲು ಬಂದಿದ್ದಳು, ನಮ್ಮ ಭಾಷೆಯವಳು. ಗಂಡನ ಮನೆಯಿಂದ ಯಾಕೆ ಹೊರಟು ಬಂದೆ ಎಂದು ಕೇಳಿದರು. ಅವಳು ಹೇಳಿದ್ದು ಇಷ್ಟೇ: "ಸಾಕಾಯ್ತು, ಬಂದೆ." ನನ್ನ ಬಾಯಲ್ಲಿ ಆಗಲೇ ಒಂದು ದೊಡ್ಡ ವಾಕ್ಯ ಸಿದ್ಧವಾಗಿ ನಿಂತಿತ್ತು. ಕಣ್ಣೀರು, ಸ್ವಾಭಿಮಾನ, ಬೆಳಕು ಎಲ್ಲ ಇತ್ತು ಅದರಲ್ಲಿ. ಹಲ್ಲು ಕಚ್ಚಿ ಅದನ್ನು ನುಂಗಿದೆ. "ಸಾಕಾಯ್ತು, ಬಂದೆ" ಎಂದಷ್ಟೇ ಹೇಳಿದೆ. ನಾನು ಒಂದು ಪದ ಸೇರಿಸಿದ್ದರೆ ವಿರುದ್ಧದ ವಕೀಲರು ಅದನ್ನೇ ಹಿಡಿದು ಜಗ್ಗಿ ಅವಳನ್ನು ಸುಳ್ಳುಗಾತಿ ಮಾಡುತ್ತಿದ್ದರು. ಅವಳ ಮಗು ಯಾರ ಜೊತೆ ಇರಬೇಕು ಎಂಬುದು ಆ ಮಾತಿನ ಮೇಲಿತ್ತು.

ನಿನಗೆ ಟಿಕೆಟ್ಟಿನ ಹಿಂದೆ ಬರೆಯುತ್ತ ಬರೆಯುತ್ತ ನನ್ನ ಬಾಯಿ ಕೆಟ್ಟಿದೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವಳಾಗುತ್ತಿದ್ದೇನೆ. ಇನ್ನು ಮುಂದೆ ಮಾತು ಕಳಿಸುವುದಿಲ್ಲ. ನಿಮ್ಮಮ್ಮ ಹೇಳಿದ್ದು ಸರಿ. ಅವರಿಗೆ ರುಚಿ ಗೊತ್ತಿಲ್ಲ ಎಂದು ಬರೆಯಬೇಡ.

ಅಕ್ಕ


ಫೆಬ್ರವರಿ 27

ದುಭಾಷಿ ಮೇಡಂ ಅವರಿಗೆ,

ಅಟ್ಟ ಹತ್ತಿಸಿದವರೇ ಏಣಿ ತೆಗೆದಿರಿ. ನಾನು ಕೇಳದೆ ನನ್ನ ಬಾಯಿಗೆ ಮಾತು ಹಾಕಿದವರು ನೀವು. ಈಗ ನಾನೇ ಕೇಳಿದಾಗ ನಿಮಗೆ ನಿಯಮ ನೆನಪಾಯಿತು. ಅಲ್ಲಿ ಎಲ್ಲರೂ ಆ ಮಾತಿನ ಹುಡುಗಿ ಎಂದೇ ನನ್ನನ್ನು ಕಾಯುತ್ತಿರುತ್ತಾರೆ. ತಡವಾಗಿ ಏಳುವವಳನ್ನು ಯಾರು ನೋಡುತ್ತಾರೆ?

ನೀವು ಬರುವುದು ಬೇಡ. ಬೇರೆ ದುಭಾಷಿಯನ್ನು ಕೇಳುತ್ತೇನೆ.


ಏಪ್ರಿಲ್ 28

ಗಿಡ್ಡಿ,

ವಿಶ್ವ ಸ್ಪರ್ಧೆಯವರಿಂದ ನನಗೆ ಕರೆ ಬಂದಿದೆ. ನೀನು ನನ್ನ ಹೆಸರು ತೆಗೆಸಿಲ್ಲ. ಮರೆತೆಯೋ, ಬೇಕೆಂದೇ ಬಿಟ್ಟೆಯೋ ತಿಳಿಯದೆ ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಸಿಟ್ಟು ಇಳಿಯದಿದ್ದರೂ ಪರವಾಗಿಲ್ಲ.

ಒಪ್ಪಿಕೊಂಡಿದ್ದೇನೆ. ನಿನ್ನ ಎಡಗಡೆ, ಒಂದು ಹೆಜ್ಜೆ ಹಿಂದೆ ನಿಂತಿರುತ್ತೇನೆ. ಚೆನ್ನಾಗಿ ಊಟ ಮಾಡು, ಚೆನ್ನಾಗಿ ನಿದ್ದೆ ಮಾಡು.

ಅಕ್ಕ


ಮೇ 24

ಅಕ್ಕನಿಗೆ,

ಕಾರ್ಯಕ್ರಮ ಮುಗಿದ ಕೂಡಲೇ ನಿಮ್ಮನ್ನು ಹುಡುಕಿದೆ. ಪಕ್ಕದ ಬಾಗಿಲಿನಿಂದ ಹೊರಟುಹೋದರು ಎಂದರು. ಹೋಗುವ ಮುಂಚೆ ನನ್ನ ಮುಖ ನೋಡಿ ಒಂದು ಮಾತು ಆಡಬಾರದಿತ್ತೇ? ಸ್ಪರ್ಧೆಗೆ ಮುಂಚಿನ ತಾಲೀಮು ಶಿಬಿರದ ಮೂರು ವಾರವೂ ನಾನೇ ನಿಮ್ಮ ಜೊತೆ ಮುಖ ಕೊಟ್ಟು ಮಾತಾಡಿರಲಿಲ್ಲ ಎನ್ನುವುದು ಬೇರೆ ವಿಷಯ.

ನಿಮ್ಮ ಹೆಸರನ್ನು ತೆಗೆಸಲು ಬರೆದ ಕಾಗದ ನನ್ನ ಚೀಲದಲ್ಲೇ ಉಳಿಯಿತು. ಹಾಕಲು ಮನಸ್ಸಾಗಲಿಲ್ಲ. ಅಷ್ಟು ದೂರದ ಊರಿನಲ್ಲಿ ನಿಮ್ಮ ಬದಲು ಇನ್ಯಾರೋ ನನ್ನ ಪಕ್ಕ ನಿಂತಿರುವುದನ್ನು ನೆನೆಸಿಕೊಂಡಾಗಲೆಲ್ಲ ಅದನ್ನು ಮತ್ತೆ ಚೀಲಕ್ಕೇ ತುರುಕುತ್ತಿದ್ದೆ.

ಕೊನೆಯ ಐದರಲ್ಲಿ ನಿಂತಾಗ ಯಾವ ಪ್ರಶ್ನೆ ಬಂದರೂ ಹೇಳಲು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬಂದ ಪ್ರಶ್ನೆಯಾದರೋ ಅದೇ: ಆ ಕಿರೀಟದ ಮಾತು ಎಷ್ಟೋ ಹುಡುಗಿಯರ ಕೋಣೆಯ ಗೋಡೆಯ ಮೇಲಿದೆ, ಅದು ನಿಮಗೆ ಎಲ್ಲಿಂದ ಬಂತು? ಇದಕ್ಕೂ ಉತ್ತರವಿತ್ತು ನನ್ನಲ್ಲಿ. ಶಾಲೆಗಳಲ್ಲಿ ಕೇಳಿದಾಗಲೆಲ್ಲ ಹೇಳಿದ್ದೇ. "ಅಮ್ಮನಿಂದ ಬಂತು" ಎನ್ನುವುದು. ಆ ಉತ್ತರ ಕೊಟ್ಟು ಸೋತವರಿಲ್ಲ. ಬಾಯಿ ತೆರೆದೆ. ಮೂರನೇ ಸಾಲಿನಲ್ಲಿ ಅಮ್ಮ ಕೂತಿದ್ದಳು, ವ್ಯಾನಿಗೆ ರಜೆ ಹಾಕಿ, ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ ಬಂದವಳು. ಇಡೀ ಸಭೆಯಲ್ಲಿ ನನ್ನ ಮಾತು ನೇರವಾಗಿ ಕೇಳಿ ತಿಳಿಯುವವಳು ನಿಮ್ಮನ್ನು ಬಿಟ್ಟರೆ ಅವಳೊಬ್ಬಳೇ. ಅವಳ ಎದುರೇ ಅವಳ ಬಾಯಿಗೆ ಮಾತು ಹಾಕಲು ನನ್ನಿಂದ ಆಗಲಿಲ್ಲ. ನೀವು ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡುತ್ತಿದ್ದೆ, ಅಕ್ಕ, ಊರೂರು ತಿರುಗಿ.

ಅದಕ್ಕೇ ಹಾಗೆ ಹೇಳಿದೆ. "ಆ ಮಾತು ನನ್ನದಲ್ಲ. ನಾನು ಗೆಲ್ಲಲಿ ಅಂತ ಆಸೆಪಟ್ಟ ಒಬ್ರದ್ದು. ನಾನು ಆವತ್ತು ಹೇಳಿದ್ದು, ತಡವಾಗಿ ಏಳ್ತೀನಿ, ಸೋಮವಾರ ಒಬ್ಬ ತಾತನಿಗೆ ಹಲ್ಲಿನ ಸೆಟ್ ಕೂರಿಸಬೇಕು ಅಂತ. ಕೂರಿಸಿದ್ದಾಯ್ತು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿರಲಿಲ್ಲ ಅಂತಿದ್ರು ಅವರು. ಈಗ ಎರಡೂ ಇದೆ, ನಾನು ಕಂಡ್ರೆ ಮಾತ್ರ ಬಾಯಿ ಬಿಡಲ್ಲ, ಮತ್ತೆ ಕಿತ್ಕೋತೀನಿ ಅಂತ ಭಯ."

ನಿಮ್ಮ ಹೆಸರು ಬರದ ಹಾಗೆ ಹುಷಾರಾಗಿ ಹೇಳಿದ್ದೆ. ನೀವು ಅದನ್ನು ಅವರ ಭಾಷೆಗೆ ಹೇಳುತ್ತಿರುವಾಗ ನಾನು ಉಸಿರು ಹಿಡಿದು ಜನರ ಮುಖ ನೋಡುತ್ತಿದ್ದೆ. ಮೊದಲು ಎಲ್ಲ ಕಲ್ಲಿನ ಹಾಗೆ ಕೂತಿದ್ದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಗಂಡಸು ನಕ್ಕ. ಮತ್ತೊಬ್ಬರು, ಮತ್ತೊಬ್ಬರು. ನಗಬೇಕಾದ ಜಾಗದಲ್ಲೇ ನಕ್ಕರು, ಅಕ್ಕ. ಒಂದು ಪದವೂ ಬದಲಾಗದೆ ಅವರಿಗೆ ತಲುಪಿದೆ ಎಂದು ಅದರಿಂದಲೇ ನನಗೆ ಗೊತ್ತಾಯಿತು. ಅಷ್ಟೊಂದು ಜನ ನನ್ನ ಸ್ವಂತ ತಮಾಷೆಗೆ ನಕ್ಕದ್ದು ಅದೇ ಮೊದಲು. ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಗಿತ್ತು.

ಅಷ್ಟರಲ್ಲಿ ನೀವು ಬಲಗೈ ಮೇಲೆತ್ತಿದಿರಿ. ಏನೋ ಒಂದು ವಾಕ್ಯ ಹೇಳಿದಿರಿ. ಸಭೆ ಗಪ್‌ಚುಪ್ಪಾಯಿತು. ನನಗೆ ಅದು ತಿಳಿಯಲಿಲ್ಲ. ನಾನು ಮಾತಾಡಿಯೇ ಇಲ್ಲ, ನೀವೇನು ಹೇಳುತ್ತಿದ್ದೀರಿ ಎಂದು ಗಾಬರಿಯಾಯಿತು. ನನಗೆ ಐದನೇ ಸ್ಥಾನ ಬಂತು, ಅದು ನಿಮಗೆ ಗೊತ್ತಿರಬೇಕು. ವೇದಿಕೆಯ ಹಿಂದೆ ಜಿರಾಫೆ ತಬ್ಬಿಕೊಂಡು ಫೋನಿನಲ್ಲಿ ತೋರಿಸಿದಳು. ನೀವು ಹೇಳಿದ್ದು ಇದಂತೆ: "ಈಗ ದುಭಾಷಿ ತನ್ನ ಪರವಾಗಿ ಮಾತಾಡುತ್ತಿದ್ದಾಳೆ. ಆ ಮಾತನ್ನು ಹಾಕಿದವಳು ದುಭಾಷಿ. ಈ ಹುಡುಗಿಗೆ ಆವತ್ತು ಗೊತ್ತಿರಲಿಲ್ಲ."

ನಾನು ನಿಮ್ಮನ್ನು ಉಳಿಸಿದ್ದೆನಲ್ಲ. ನೀವಾಗಿ ಯಾಕೆ ಕುತ್ತಿಗೆ ಒಡ್ಡಿದಿರಿ? ಈಗ ನಿಮ್ಮ ಕೆಲಸದ ಗತಿಯೇನು? ಬೇಗ ಬರೆಯಿರಿ.

ಗಿಡ್ಡಿ


ಜೂನ್ 8

ಗಿಡ್ಡಿ,

ಹೇಳದೆ ಹೋದದ್ದು ತಪ್ಪು. ಅಲ್ಲಿ ನಿಂತರೆ ಅಳುತ್ತಿದ್ದೆ, ದುಭಾಷಿ ಅಳಬಾರದು.

ಬರಿಯ "ಒಬ್ಬರದ್ದು" ಎಂದರೆ ಜನ ಏನು ತಿಳಿದುಕೊಳ್ಳುತ್ತಾರೆ ಗೊತ್ತೇ? ನೀನೇ ಯಾರಿಂದಲೋ ಬರೆಸಿಕೊಂಡು ಮೋಸ ಮಾಡಿದೆ ಎಂದುಕೊಳ್ಳುತ್ತಾರೆ. ತೀರ್ಪುಗಾರರಲ್ಲಿ ಒಬ್ಬರು ಆಗಲೇ ಹುಬ್ಬು ಗಂಟಿಕ್ಕಿದ್ದರು. ನಮಗೆ ಸ್ವಂತ ಮಾತಾಡಬೇಕಾದಾಗ ಕೈ ಎತ್ತಿ, "ದುಭಾಷಿ ಹೇಳುತ್ತಿದ್ದಾಳೆ" ಎಂದು ತನ್ನನ್ನೇ ಮೂರನೆಯವಳ ಹಾಗೆ ಹೇಳಿಕೊಳ್ಳುವುದು ಪದ್ಧತಿ. ಸಾಮಾನ್ಯವಾಗಿ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎನ್ನಲು ಕೈ ಎತ್ತುತ್ತೇವೆ. ನಾನು ಬೇರೆ ಯಾವುದಕ್ಕೂ ಎತ್ತಿದ್ದಿಲ್ಲ.

ಸ್ಪರ್ಧೆಯವರು ಇನ್ನು ನನ್ನನ್ನು ಕರೆಯುವುದಿಲ್ಲ. ಕೋರ್ಟಿನ ಮುಖ್ಯಸ್ಥರ ಹತ್ತಿರ ನಾನೇ ಹೋಗಿ ಎಲ್ಲ ಹೇಳಿದೆ. ಅವರು ನನ್ನ ಫೈಲು ತರಿಸಿ ನೋಡಿದರು. ಮೂರು ತಿಂಗಳು ಕೆಲಸಕ್ಕೆ ಬರಬೇಡಿ, ಆಮೇಲೆ ಹೊಸಬರ ಜೊತೆ ಕೂತು ಮತ್ತೆ ಪರೀಕ್ಷೆ ಬರೆಯಿರಿ ಎಂದರು. ಈ ವಯಸ್ಸಿನಲ್ಲಿ ಪರೀಕ್ಷೆ! ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡು ಮನೆಗೆ ಬಂದೆ. ಕೆಲಸ ಹೋಗಲಿಲ್ಲ. ಆ ಸಾಕ್ಷಿಯ ಹೆಂಗಸಿಗೆ ಮಗು ಸಿಕ್ಕಿತಂತೆ, ಅದನ್ನೂ ಅವರೇ ಹೇಳಿದರು.

ನಿನ್ನ ತಮಾಷೆಗೆ ಅಷ್ಟು ಜನ ನಕ್ಕಾಗ ನನಗೂ ನಿನ್ನಷ್ಟೇ ಖುಷಿಯಾಗಿತ್ತು. ನಿನ್ನ ಮಾತು ಹಾಗೇ ಹೇಳಿದರೆ ಸೊನ್ನೆ ಹಾಕುತ್ತಾರೆ ಎಂದು ಆ ದಿನ ಹೆದರಿದ್ದೆನಲ್ಲ, ಅದೇ ನನ್ನ ತಪ್ಪು ಲೆಕ್ಕ. ಕಿರೀಟ ತಪ್ಪಿದ್ದಕ್ಕೆ ಬೇಸರವಿದೆಯೇ? ನಿಜ ಹೇಳು.

ಈಗ ಮನೆಯಲ್ಲಿ ಬೇಕಾದಷ್ಟು ಮೌನವಿದೆ. ಮೊದಲು ಬೇಕು ಎನ್ನುತ್ತಿದ್ದೆ. ಈಗ ಎರಡು ದಿನಕ್ಕೇ ಸಾಕಾಗಿದೆ.

ಅಕ್ಕ


ಜೂನ್ 23

ಅಕ್ಕನಿಗೆ,

ಬೇಸರವಿದೆ. ಒಂದು ವಾರ ಹೊದ್ದುಕೊಂಡು ಮಲಗಿದ್ದೆ, ಅಮ್ಮ ಬಾಗಿಲಲ್ಲಿ ವ್ಯಾನು ನಿಲ್ಲಿಸಿ ಹಾರ್ನ್ ಹಾಕುವವರೆಗೆ. ಆ ಕಿರೀಟ ನನಗೆ ಬೇಕಿತ್ತು. ಇನ್ನು ಯಾವತ್ತೂ ಸಿಗುವುದಿಲ್ಲ. ಆದರೆ ಆ ನಗು ಕಿವಿಯಲ್ಲಿದೆ, ಅದನ್ನು ಯಾರಿಗೂ ಕೊಡುವುದಿಲ್ಲ.

ಕೆಲಸದ ವಿಷಯ. ಕ್ಲಿನಿಕ್ಕಿಗೆ ಮರಳಿದ್ದೇನೆ, ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನದ ಮೇಲೆ ಮುಂದಿನ ವರ್ಷ ಸ್ಪರ್ಧೆಗೆ ಹೋಗುವ ಹುಡುಗಿಯರು ಬರುತ್ತಾರೆ. ಅವರಾಗಿಯೇ ಕೇಳಿಕೊಂಡು ಬಂದವರು. ನಡೆಯುವುದನ್ನು ಬೇರೆಯವರು ಕಲಿಸುತ್ತಾರೆ, ನಾನು ಉತ್ತರ ಹೇಳುವುದನ್ನು ಕಲಿಸುತ್ತೇನೆ. ಒಬ್ಬಳು ಲೋಕಶಾಂತಿ ಎಂದು ಶುರು ಮಾಡಿದಳು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. ಅಲ್ಲಿಂದ ಮಾತು ಬಂತು, ನಿಲ್ಲಿಸಲು ಆಗಲಿಲ್ಲ. ಈ ಕೆಲಸದಲ್ಲಿ ನನಗೆ ಬದುಕು ಕಾಣುತ್ತಿದೆ, ಅಕ್ಕ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ವ್ಯಾನಿನ ಗಾಜು ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟು ಈಗ ನನ್ನ ಪಕ್ಕದಲ್ಲೇ ನಿಂತಿದ್ದಾಳೆ. ತಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದು ತಾಕೀತು ಮಾಡಿದ್ದಾಳೆ. ಒಂದಕ್ಷರ ಸೇರಿಸುತ್ತಿಲ್ಲ, ಬಿಡುತ್ತಲೂ ಇಲ್ಲ:

"ನನ್ನ ಮಗಳ ಮಾತು ತಿರುಚಿದ್ದಕ್ಕೆ ನನಗೆ ಸಿಟ್ಟಿದೆ, ಅದು ಇನ್ನೂ ಹೋಗಿಲ್ಲ ಅಂತ ಮೊದಲು ಬರಿ. ಬರೆದೆಯಾ? ಆವತ್ತು ಕೈ ಎತ್ತಿ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡಿದ್ದನ್ನೂ ನಾನು ನೋಡಿದೆ. ಮೂರು ತಿಂಗಳು ಒಬ್ಬಳೇ ಗೋಡೆ ನೋಡ್ಕೊಂಡು ಕೂತು ಏನು ಮಾಡ್ತಾಳೆ? ಇಲ್ಲಿಗೆ ಬರಲಿ. ಕರ್ಕೊಂಡು ಬರೋಕೆ ವಿಮಾನ ನಿಲ್ದಾಣಕ್ಕೆ ವ್ಯಾನ್ ತಗೊಂಡು ನಾನೇ ಹೋಗ್ತೀನಿ. ನನ್ನ ಹತ್ರ ಜಗಳ ಆಡೋದಕ್ಕೆ ಅವಳು ಯಾರ ಮಾತನ್ನೂ ಹೊತ್ಕೊಂಡು ಬರೋದು ಬೇಡ. ತನ್ನದೇ ತರಲಿ, ಸಾಕು."

ಗಿಡ್ಡಿ